ಯಾವುದನ್ನು ಬಿಡಲಿ, ಖಾಲಾ?

ತುಂಗಭದ್ರೆಯ ದಡದ ಕೆಂಚನಗುಡ್ಡದಿಂದ ಆಪಾನ ಮಗಳ ಫೋನು. ಪಿಯುಸಿ ವಿಜ್ಞಾನಕ್ಕೆ ಸೇರಿ ಎರಡೇ ವಾರ.

"ಖಾಲಾ, ಸಿರುಗುಪ್ಪಕ್ಕೆ ಹೋಗಿ ಬಂದು ಓದಲು ಕೂತರೆ ಕಣ್ಣು ಎಳೆಯುತ್ತದೆ. ಗಣಿತ ಬಿಡಲೇ? ಅಬ್ಬಾ ಬೇಡವೆನ್ನುತ್ತಾರೆ."

ಅವಳಿಗೆ ನರ್ಸಿಂಗ್ ಆಸೆ. ಬಿಎಸ್ಸಿ ನರ್ಸಿಂಗಿಗೂ ನೀಟ್‌ಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಗಣಿತ ಬೇಕಿಲ್ಲ. ಬಿಟ್ಟರೆ ಇಂಜಿನಿಯರಿಂಗ್ ಬಾಗಿಲು ಮುಚ್ಚುವುದಂತೂ ನಿಜ. ಆದರೆ ಪಿಯುಸಿಯಲ್ಲಿ 2 ಭಾಷೆ, 4 ಐಚ್ಛಿಕ ವಿಷಯ ಇರಲೇಬೇಕು. ಗಣಿತದ ಜಾಗಕ್ಕೆ ಗೃಹವಿಜ್ಞಾನವೋ ಮತ್ತೊಂದೋ ನಿಮ್ಮ ಕಾಲೇಜಿನಲ್ಲಿದೆಯೇ, ಮೊದಲು ಕೇಳಮ್ಮಾ ಎಂದೆ.

ಆಮೇಲೆ ಆಪಾನನ್ನು ಕರೆಸಿದೆ. ಬೆಳಗಿನ ರೊಟ್ಟಿ, ರಾತ್ರಿಯ ಪಾತ್ರೆ ಎಲ್ಲ ಈ ಹುಡುಗಿಯದೇ. ಅವಳ ಅಣ್ಣ ಊಟ ಮುಗಿಸಿ ಕೈ ತೊಳೆದರೆ ಆಯಿತು! (ನಮ್ಮೆಲ್ಲರ ಮನೆಯ ಕಥೆಯೇ, ಸಹೋದರಿಯರೇ.)

"ಗಣಿತಕ್ಕಿಂತ ಮೊದಲು ಪಾತ್ರೆ ಬಿಡಿಸು ಆಪಾ" ಎಂದೆ.

ಆಪಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಕೂಗಿದ್ದು ಕೇಳಿಸಿತು.