ಬಾಟಲಿಯ ಜಾಡು ಕಾರ್ಖಾನೆಯವರೆಗೂ ಹೋಗಲಿ

ಕಲಬುರಗಿಯ ರಾಜಕೀಯ ಮುಖಂಡರೊಬ್ಬರನ್ನು 2025ರ ಜುಲೈನಲ್ಲಿ ಮಹಾರಾಷ್ಟ್ರದ ಕಲ್ಯಾಣದಲ್ಲಿ ಪೊಲೀಸರು ಬಂಧಿಸಿದರು. ಕೊಡೀನ್ ಇರುವ ಕೆಮ್ಮಿನ ಸಿರಪ್ ಇಟ್ಟುಕೊಂಡಿದ್ದರು ಎಂಬುದು ಆರೋಪ. ಅದು ನಿಜವೋ ಸುಳ್ಳೋ ನ್ಯಾಯಾಲಯ ತೀರ್ಮಾನಿಸಲಿ. ಆದರೆ ಅಂದು ರಾಜಕೀಯ ವಲಯದಲ್ಲಿ ಎದ್ದ ಗದ್ದಲವೆಲ್ಲ ಅವರು ಯಾವ ಪಕ್ಷದವರು, ಯಾರ ಆಪ್ತರು ಎಂಬುದರ ಸುತ್ತಲೇ ಇತ್ತು. ಇಂಥ ಪ್ರಕರಣಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ ಸಿರಪ್ ಯಾವ ಕಾರ್ಖಾನೆಯದು? ಪ್ರತಿ ಬಾಟಲಿಯ ಲೇಬಲ್ ಮೇಲೆ ಕಂಪನಿಯ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಅಚ್ಚಾಗಿರುತ್ತವೆ. ಕಲಬುರಗಿಯ ಗಾಜಿಪುರದ ಗಲ್ಲಿಯಲ್ಲಿ ಸಿಗಲಿ, ಕಮಲಾಪುರದ ಬಸ್ ನಿಲ್ದಾಣದಲ್ಲಿ ಸಿಗಲಿ, ಅಮಲಿಗಾಗಿ ಮಾರಾಟವಾಗುವ ಬಾಟಲಿಗೆ ಅದನ್ನು ತಯಾರಿಸಿ ಲಾಭ ಪಡೆದವರೂ ಕಾನೂನಿನ ಮುಂದೆ ಉತ್ತರ ಹೇಳಬೇಕು.

ಇದು ನಾಲ್ಕಾರು ಪುಂಡರ ಚಟವೆಂದು ತಳ್ಳಿಹಾಕುವ ವಿಷಯವಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಮೂಲದ ಅಥವಾ ಅದೇ ಬಗೆಯ ಮಾದಕಗಳನ್ನು ಬಳಸುತ್ತಾರೆ ಎಂದು ಅದು ಹೇಳಿತು. ಜನಸಂಖ್ಯೆಯಲ್ಲಿ ಹೆರಾಯಿನ್ ಬಳಸುವವರು ಶೇ 1.14ರಷ್ಟಿದ್ದರೆ, ಇದೇ ಗುಂಪಿನ ಔಷಧಿಗಳನ್ನು ಬಳಸುವವರು ಶೇ 0.96. ಅಂದರೆ ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಾದ ಸಿರಪ್, ಮಾತ್ರೆ, ಚುಚ್ಚುಮದ್ದು ಹೆರಾಯಿನ್‌ಗೆ ಹೆಚ್ಚು ಕಡಿಮೆ ಸರಿಸಮವಾಗಿ ನಿಂತಿವೆ. ಹೆರಾಯಿನ್ ಪ್ರಕರಣದಲ್ಲಿ ಪೊಲೀಸರು ಮೂಲ ಹುಡುಕಿಕೊಂಡು ಗಡಿಯಾಚೆಗೂ ಜಾಡು ಹಿಡಿಯುತ್ತಾರೆ. ಮೂಲದ ವಿಳಾಸ ಲೇಬಲ್ ಮೇಲೆಯೇ ಇರುವಾಗ ಅಲ್ಲಿಗೆ ಹೋಗದಿರಲು ಕಾರಣವೇನು?

ಕಾರಣ ಕಾನೂನಿನಲ್ಲಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಮುಖ್ಯವಾಗಿ ಕೇಳುವುದು ಔಷಧಿಯ ಗುಣಮಟ್ಟವನ್ನು. ಆ ಪ್ರಶ್ನೆಗೇ ನಮ್ಮ ವ್ಯವಸ್ಥೆ ಸರಿಯಾಗಿ ಉತ್ತರ ಪಡೆದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಪಶ್ಚಿಮ ಬಂಗಾಳದ ಕಂಪನಿಯೊಂದರ ಐವಿ ದ್ರಾವಣದ ಮೇಲೆ ಶಂಕೆ ಬಿತ್ತು. ಕಂಪನಿ ಕಪ್ಪುಪಟ್ಟಿಗೆ ಸೇರಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅದಕ್ಕೂ ಮೊದಲೇ, ಕಳಪೆ ಗುಣಮಟ್ಟದ ಔಷಧಿಯಂಥ ಪ್ರಕರಣಗಳನ್ನು ದಂಡ ಕಟ್ಟಿ ರಾಜಿಯಲ್ಲಿ ಮುಗಿಸಿಕೊಳ್ಳಲು 2023ರ ಜನ ವಿಶ್ವಾಸ ಕಾಯ್ದೆ ದಾರಿ ಮಾಡಿಕೊಟ್ಟಿತ್ತು. ಕಳಪೆ ಔಷಧಿಯ ವಿಷಯದಲ್ಲೇ ಹೀಗಾದರೆ, ಚಟ ಹತ್ತಿಸುವ ಔಷಧಿಯ ಗತಿಯೇನು? ಅದು ಕಳಪೆಯಲ್ಲ, ಲೇಬಲ್‌ನಲ್ಲಿ ಬರೆದಷ್ಟೇ ಕೊಡೀನ್ ಅದರಲ್ಲಿರುತ್ತದೆ. ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾದ ಮೇಲೆ ಎಷ್ಟು ಮಾರಿದಿರಿ, ಯಾರಿಗೆ ಮಾರಿದಿರಿ, ಏನು ಹೇಳಿ ಮಾರಿದಿರಿ ಎಂಬ ಪ್ರಶ್ನೆಗಳು ಕಾರ್ಖಾನೆಯ ಬಾಗಿಲು ತಟ್ಟುವುದು ಅಪರೂಪ.

ಲೆಕ್ಕ ಇಡುವುದು ನಮಗೆ ಗೊತ್ತಿಲ್ಲವೆಂದೇನೂ ಅಲ್ಲ. ಕೊಡೀನ್ ಬರುವುದು ಅಫೀಮಿನಿಂದ. ಅಫೀಮನ್ನು ಸಂಸ್ಕರಿಸುವ ಸರ್ಕಾರಿ ಕಾರ್ಖಾನೆಗಳು ಉತ್ತರ ಪ್ರದೇಶದ ಗಾಜಿಪುರ ಮತ್ತು ಮಧ್ಯಪ್ರದೇಶದ ನೀಮಚ್‌ನಲ್ಲಿವೆ. ಔಷಧ ಕಂಪನಿಗಳಿಗೆ ಕೊಡೀನ್ ಕೋಟಾ ನಿಗದಿ ಮಾಡುವುದು ಗ್ವಾಲಿಯರ್‌ನ ಕೇಂದ್ರ ಮಾದಕ ವಸ್ತು ಬ್ಯೂರೋ. ಸರಪಳಿಯ ಕೊನೆಯಲ್ಲಿರುವ ಮೆಡಿಕಲ್ ಅಂಗಡಿಯವನು ಕೊಡೀನ್ ಸೇರಿರುವ ‘ಎಚ್1’ ಪಟ್ಟಿಯ ಔಷಧಿ ಮಾರಿದರೆ ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನೆಲ್ಲ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2014ರಿಂದ ಜಾರಿಯಲ್ಲಿರುವ ನಿಯಮವಿದು. ಆರಂಭದಲ್ಲೂ ಕೊನೆಯಲ್ಲೂ ಲೆಕ್ಕವಿದೆ. ಸರಕು ದಾರಿ ತಪ್ಪುವುದು ನಡುವೆ, ಕಂಪನಿಯಿಂದ ಸ್ಟಾಕಿಸ್ಟ್‌ಗೆ, ಸ್ಟಾಕಿಸ್ಟ್‌ನಿಂದ ಹೆಸರಿಗಷ್ಟೇ ಇರುವ ಅಂಗಡಿಗೆ.

ಸರಕು ನಮ್ಮ ಕೈಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೋ ನಮಗೆ ಹೇಗೆ ಗೊತ್ತಾಗಬೇಕು ಎಂಬುದು ಕಂಪನಿಗಳ ಮೊದಲ ವಾದ. ಅಮೆರಿಕದಲ್ಲೂ ಇದೇ ವಾದ ಕೇಳಿಬಂತು. ವೆಸ್ಟ್ ವರ್ಜೀನಿಯಾ ರಾಜ್ಯದ ಕರ್ಮಿಟ್ ಎಂಬ ಊರಿನ ಜನಸಂಖ್ಯೆ ಸುಮಾರು 400. ಅಲ್ಲಿನ ಒಂದೇ ಔಷಧಿ ಅಂಗಡಿಗೆ ಎರಡು ವರ್ಷಗಳಲ್ಲಿ ಅಫೀಮಿನ ಬಗೆಯ ಸುಮಾರು 90 ಲಕ್ಷ ನೋವಿನ ಮಾತ್ರೆಗಳು ಬಂದಿದ್ದವು. ಇಷ್ಟು ಮಾತ್ರೆ ಕಳಿಸಿದವರಿಗೆ ಏನೂ ತಿಳಿಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಕೊನೆಗೆ 2022ರಲ್ಲಿ ಮೂರು ದೊಡ್ಡ ವಿತರಕ ಕಂಪನಿಗಳು ಮತ್ತು ಜಾನ್ಸನ್ ಅಂಡ್ ಜಾನ್ಸನ್ ಸೇರಿ ಇಂಥ ಮೊಕದ್ದಮೆಗಳ ರಾಜಿಗಾಗಿ 2,600 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು.

ಆದರೆ ಹಣ ಕಟ್ಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯ ಚಟದ ಅಪಾಯ ಕಡಿಮೆಯೆಂದು ಹೇಳಿ ಮಾರಿದ ಪರ್ಡ್ಯೂ ಕಂಪನಿ 2007ರಲ್ಲೇ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿತ್ತು. ಅದೇ ಕಂಪನಿ 2020ರಲ್ಲಿ ಮತ್ತೆ ತಪ್ಪೊಪ್ಪಿಕೊಂಡಿತು. ದಂಡವನ್ನು ವ್ಯಾಪಾರದ ಖರ್ಚೆಂದು ಬರೆದುಕೊಳ್ಳುವವರಿಗೆ ಜೈಲಿನ ಭಯವೂ ಬೇಕು. ವೈದ್ಯರಿಗೆ ಲಂಚ ಕೊಟ್ಟು ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕದ ಸ್ಪ್ರೇ ಬರೆಸಿದ ಇನ್ಸಿಸ್ ಕಂಪನಿಯ ಸ್ಥಾಪಕ, ಅಮೃತಸರದಲ್ಲಿ ಹುಟ್ಟಿದ ಜಾನ್ ಕಪೂರ್‌ಗೆ 2020ರಲ್ಲಿ ಐದೂವರೆ ವರ್ಷಗಳ ಶಿಕ್ಷೆಯಾಯಿತು. ಇನ್ನೊಂದು ಪಾಠವೂ ಇದೆ. ಒಕ್ಲಹೋಮಾ ರಾಜ್ಯ ಜಾನ್ಸನ್ ಅಂಡ್ ಜಾನ್ಸನ್ ವಿರುದ್ಧ ಗೆದ್ದ ಮೊಕದ್ದಮೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ರದ್ದು ಮಾಡಿತು. ಸಾರ್ವಜನಿಕ ಉಪದ್ರವದ ಹಳೆಯ ಕಾನೂನನ್ನು ಇಷ್ಟು ದೂರ ಎಳೆಯಲಾಗದು ಎಂದಿತು. ಇಂಥ ಹೊಣೆಗೆ ಸ್ಪಷ್ಟವಾದ ಕಾನೂನೇ ಬೇಕು.

ಬಿಗಿ ಮಾಡಿದರೆ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದಿಲ್ಲ ಎಂಬ ಆಕ್ಷೇಪ ಮಾತ್ರ ತೂಕದ್ದು. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟು, ಸಾಯುವವರು ನೋವಿನಲ್ಲೇ ಸತ್ತರು. 2014ರ ತಿದ್ದುಪಡಿ ಬಂದದ್ದು ಆ ತಪ್ಪನ್ನು ಸರಿಪಡಿಸಲೆಂದೇ. ಆ ದಾರಿ ಮುಚ್ಚಬಾರದು. ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಬರುವ ರೋಗಿಗೆ ಮಾರ್ಫಿನ್ ಸುಲಭವಾಗಿ ಸಿಗಬೇಕು. ಆದ್ದರಿಂದಲೇ ಹೊಣೆಯನ್ನು ರೋಗಿ ಮತ್ತು ವೈದ್ಯರ ಮೇಲೆ ಹೇರದೆ ತಯಾರಕರ ಮೇಲಿಡಬೇಕು. ಸಿರಪ್ ಕುಡಿದವನದೂ ತಪ್ಪಿಲ್ಲವೇ ಎನ್ನುವವರಿಗೆ ಒಂದು ಮಾತು: ಅವನ ತಪ್ಪಿಗೆ ಅವನೂ ಅವನ ಮನೆಯವರೂ ಈಗಾಗಲೇ ಬೆಲೆ ತೆರುತ್ತಿದ್ದಾರೆ. ಬೆಲೆ ತೆರದೆ ಉಳಿದಿರುವುದು ಲಾಭ ಮಾಡಿದವರು.

ಮೂರು ಕೆಲಸಗಳು ಆಗಬೇಕು. ಒಂದು ಪ್ರದೇಶದ ಅಗತ್ಯವನ್ನು ಮೀರಿ ಬೇಡಿಕೆ ಬಂದರೆ ಸರಕು ತಡೆದು ಔಷಧ ನಿಯಂತ್ರಣ ಇಲಾಖೆಗೆ ತಿಳಿಸುವುದು ಕಂಪನಿಯ ಕಾನೂನುಬದ್ಧ ಕರ್ತವ್ಯವಾಗಲಿ. ತಪ್ಪಿದರೆ ನಿರ್ದೇಶಕರೂ ಆರೋಪಿಗಳಾಗಲಿ. 2023ರಿಂದ 300 ಬ್ರ್ಯಾಂಡ್‌ಗಳಿಗೆ ಕಡ್ಡಾಯವಾಗಿರುವ ಕ್ಯೂಆರ್ ಕೋಡ್ ಕೊಡೀನ್ ಮತ್ತು ಅದೇ ಬಗೆಯ ನೋವು ನಿವಾರಕಗಳಾದ ಟ್ರಮಡಾಲ್, ಟ್ಯಾಪೆಂಟಡಾಲ್ ಇರುವ ಎಲ್ಲ ಔಷಧಿಗಳಿಗೂ ಬಂದು, ಸರಕು ಕೈಬದಲಾದ ಪ್ರತಿ ಹಂತವೂ ಅದರಲ್ಲಿ ದಾಖಲಾಗಲಿ. ಇನ್ನು, ಚಟಕ್ಕೆ ಬಿದ್ದ ಹುಡುಗನ ತಾಯಿ ಅಂಗಡಿಯ ಬಿಲ್ ಹಿಡಿದು ಕಂಪನಿಯ ಮೇಲೆ ದಾವೆ ಹೂಡಲಾರಳು. ಆ ಕೆಲಸ ಸರ್ಕಾರದ್ದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ, ರಾಜ್ಯ ಸರ್ಕಾರವೇ ದೂರುದಾರನಾಗಲು ಅವಕಾಶ ಕೊಟ್ಟಿದೆ. ಬಳ್ಳಾರಿಯ ನೋವು ಕಂಡ ಕರ್ನಾಟಕ ಈ ಅವಕಾಶವನ್ನು ಬಳಸಿಕೊಳ್ಳಲಿ. ಬಂದ ಪರಿಹಾರದ ಹಣ ಬೊಕ್ಕಸಕ್ಕೆ ಸೇರದೆ ಜಿಲ್ಲೆಗಳ ವ್ಯಸನಮುಕ್ತಿ ಚಿಕಿತ್ಸೆಗೇ ಮೀಸಲಾಗಲಿ.