ಗಮ್ಮತ್ತು ಬೇಡ ಎನ್ನುತ್ತಿಲ್ಲ, ತಲೆ ಎಣಿಸಿ ದೋಣಿ ಹತ್ತಿ

ಮಂಗಳೂರಿನಿಂದ ಹಾಸನದ ದಾರಿಯಾಗಿ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ನಿದ್ದೆ ಬಾರದೆ ಕಿಟಕಿ ಪಕ್ಕ ಕುಳಿತವರಿಗೆ ಅಕ್ಕಿಹೆಬ್ಬಾಳು ಎಂಬ ಸ್ಟೇಷನ್ ಬೋರ್ಡು ಕಂಡಿರಬಹುದು. ಕೆ.ಆರ್. ಪೇಟೆ ತಾಲೂಕಿನ ಹೇಮಾವತಿ ದಂಡೆಯ ಊರು ಅದು. ಅಲ್ಲಿಂದ ಕೆಳಗೆ ಹರಿದ ಹೊಳೆ ಅಂಬಿಗರಹಳ್ಳಿ ಬಳಿ ಕಾವೇರಿಯನ್ನೂ ಲಕ್ಷ್ಮಣತೀರ್ಥವನ್ನೂ ಸೇರುತ್ತದೆ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದದ್ದು ಇದೇ ಸಂಗಮದಲ್ಲಿ. ಮುಂದಕ್ಕೆ ಎಲ್ಲವೂ ಕೆ.ಆರ್.ಎಸ್. ಹಿನ್ನೀರು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗುಂಬಝ್ ಝಿಯಾರತ್, ಮೈಸೂರು ಅರಮನೆ, ಸಂಜೆಗೆ ಬೃಂದಾವನ. ಇದು ನಮ್ಮ ಬ್ಯಾರಿ ಮನೆಗಳ ಹಳೆಯ ರಜಾ ಟೂರು. ಈಗ ಅದಕ್ಕೆ ಇನ್ನೊಂದು ಸೇರಿದೆ, ನೀರಿನ ಮೇಲಿನ ಗಮ್ಮತ್ತು. ಹಿನ್ನೀರಿನ ದಡದಲ್ಲಿ ಅಡುಗೆ, ಸ್ಪೀಕರ್, ತೆಪ್ಪದಲ್ಲಿ ಒಂದು ಸುತ್ತು. ಊರಲ್ಲೇ ಇದ್ದರೆ ಮಲ್ಪೆಯಲ್ಲಿ ಬೋಟ್ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ. ಪೆರ್ನಾಲ್ ಕಳೆದ ಮರುದಿನವೇ ಹುಡುಗರ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ‘ಐಲ್ಯಾಂಡ್ ಪಾರ್ಟಿ, ಬೋಟಿಂಗ್ ಸಹಿತ’ ಎಂಬ ಪೋಸ್ಟರ್‌ಗಳು ಓಡಾಡುತ್ತವೆ. ಹುಡುಗರಷ್ಟೇ ಅಲ್ಲ, ಉಮ್ಮ, ಉಪ್ಪ, ಕೈಕೂಸು ಎಲ್ಲರೂ ಹೋಗುತ್ತಾರೆ. ಹೋಗಲಿ. ಕಡಲ ದಂಡೆಯಲ್ಲಿ ಹುಟ್ಟಿದವರು ನೀರು ಕಂಡು ಹೆದರಿ ಮನೆಯಲ್ಲಿ ಕೂರಬೇಕೆಂದು ನಾವು ಹೇಳುವುದಿಲ್ಲ.

ನಮ್ಮ ತಕರಾರು ಬೇರೆ. ನೀರಿನಲ್ಲಿ ಒಂದು ದುರಂತ ಆದ ಕೂಡಲೇ ನಮ್ಮಲ್ಲಿ ಶುರುವಾಗುವ ಚರ್ಚೆ ಯಾವುದು ನೋಡಿ. ಹಾಡು ಹಾಕಿದ್ದರಂತೆ, ಕುಣಿದರಂತೆ, ಗಂಡು ಹೆಣ್ಣು ಒಟ್ಟಿಗೆ ಹೋಗಿದ್ದರಂತೆ. ಆ ಮಾತಿಗೆ ಅದರದೇ ಜಾಗ ಇದೆ, ಉಸ್ತಾದರು ಹೇಳಲಿ. ಆದರೆ ಜೀವ ಹೋದದ್ದು ಅದರಿಂದಲ್ಲ. ಕಳೆದ ಕೆಲವು ವರ್ಷಗಳ ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ.

2019ರ ಜನವರಿ 21. ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ಜನ ದೋಣಿಯಲ್ಲೇ ಹೋಗಿ ಬರುವ ಜಾತ್ರೆ ಅದು. ಭಕ್ತರು ತುಂಬಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಹೋದರು. ಮಕ್ಕಳೂ ಇದ್ದರು.

2023ರ ಮೇ 7. ಮಲಪ್ಪುರಂ ಜಿಲ್ಲೆಯ ತಾನೂರು. ಪೆರ್ನಾಲ್ ಕಳೆದು ಎರಡು ವಾರ, ಶಾಲೆಗೆ ರಜೆ, ಆದಿತ್ಯವಾರದ ಸಂಜೆ. ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು. ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು. ಒಂದೇ ಮನೆತನದ 11 ಮಂದಿಯ ಮಯ್ಯತ್‌ಗಳನ್ನು ಸಾಲಾಗಿ ಇಟ್ಟ ಸುದ್ದಿ ಓದಿ ನಮ್ಮ ಮನೆಗಳಲ್ಲೂ ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ.

2024ರ ಜನವರಿ 18. ಗುಜರಾತಿನ ವಡೋದರಾ, ಹರಣಿ ಕೆರೆ. ಶಾಲಾ ಪಿಕ್ನಿಕ್‌ಗೆ ಬಂದ 12 ಮಕ್ಕಳು, ಇಬ್ಬರು ಟೀಚರ್‌ಗಳು ಮುಳುಗಿದರು. ಹೆಚ್ಚಿನ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿರಲಿಲ್ಲ.

ಒಂದು ಜಾತ್ರೆ, ಒಂದು ಕುಟುಂಬದ ತಿರುಗಾಟ, ಒಂದು ಶಾಲಾ ಪಿಕ್ನಿಕ್. ಮೂರರಲ್ಲೂ ಕುಡಿತ ಕುಣಿತದ ಪಾರ್ಟಿ ಇರಲಿಲ್ಲ. ಮೂರರಲ್ಲೂ ಇದ್ದದ್ದು ಮಿತಿಗಿಂತ ಹೆಚ್ಚು ಜನ, ಮತ್ತು ‘ಇನ್ನು ಸಾಕು, ಹತ್ತಬೇಡಿ’ ಎನ್ನುವವರು ದಡದಲ್ಲಿ ಇಲ್ಲದೇ ಹೋದದ್ದು.

ತಾನೂರಿನ ದೋಣಿ ಮೀನುಗಾರಿಕೆಯದ್ದು. ಅದನ್ನೇ ಎರಡು ಅಂತಸ್ತಿನ ವಿಹಾರ ದೋಣಿಯಾಗಿ ಮಾರ್ಪಡಿಸಿದ್ದರು. ಮೀನಿನ ಬೋಟಿನಲ್ಲಿ ಮಂಜುಗಡ್ಡೆ, ಮೀನು, ಬಲೆ ಎಲ್ಲವೂ ಕೆಳಗೆ ಹೊಟ್ಟೆಯಲ್ಲಿರುತ್ತದೆ. ಭಾರ ಕೆಳಗಿದ್ದಷ್ಟು ಬೋಟ್ ಗಟ್ಟಿ. ಅದೇ ಬೋಟಿಗೆ ಮಾಳಿಗೆ ಕಟ್ಟಿ ಜನರನ್ನು ಮೇಲೆ ಹತ್ತಿಸಿದರೆ ಭಾರವೂ ಮೇಲೇರುತ್ತದೆ. ಫೋಟೊಗೆಂದು ಎಲ್ಲರೂ ಒಂದೇ ಬದಿಗೆ ಹೋದರೆ ಅದು ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ. ಮಲ್ಪೆ, ಬೆಂಗರೆಯ ನಮ್ಮ ಮೀನುಗಾರ ಅಣ್ಣಂದಿರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಟಿಕೆಟ್ ಹರಿಯುವವನಿಗೆ, ಟಿಕೆಟ್ ಕೊಳ್ಳುವ ನಮಗೆ ಗೊತ್ತಿರಬೇಕು.

ಒಳನಾಡಿನ ನೀರು ಇನ್ನೂ ಮೋಸದ್ದು. ಕೆ.ಆರ್.ಎಸ್. ಪೂರ್ಣ ಮಟ್ಟ 124.80 ಅಡಿ. ಮಳೆ ಬಂದರೆ ಏರುತ್ತದೆ, ನಾಲೆಗೆ ಬಿಟ್ಟರೆ ಇಳಿಯುತ್ತದೆ. ಅಡಿಯಲ್ಲಿ ಹಳೆಯ ಕನ್ನಂಬಾಡಿಯಂಥ ಊರುಗಳೇ ಮುಳುಗಿವೆ. ಮಂಡಿಯುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಕೆಸರೋ ಗುಂಡಿಯೋ ಸಿಗುತ್ತದೆ. ಸಮುದ್ರದ ಹಾಗೆ ಅಲೆ ಕಾಣುವುದಿಲ್ಲವಾದ್ದರಿಂದ ಕರಾವಳಿಯಿಂದ ಹೋದ ನಮಗೆ ‘ಇದೇನು ಮಹಾ’ ಎಂಬ ಧೈರ್ಯ ಬೇರೆ. ಅಲೆ ಬಲ್ಲವನಿಗೆ ಹೊಳೆ ಗೊತ್ತಿರುತ್ತದೆ ಎಂದೇನೂ ಇಲ್ಲ.

ಹಾಗಂತ ವ್ಯವಸ್ಥೆಯೇ ಇಲ್ಲ ಎನ್ನಲಾಗದು. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿಗಳಿವೆ. ಮೊಸಳೆ ಇರುವ ನೀರು ಅದು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ, ಎಷ್ಟು ದೂರದಿಂದ ಬಂದಿದ್ದೇವೆಂದು ಗೋಗರೆದರೂ ಬಿಡುವುದಿಲ್ಲ. ಸೈಂಟ್ ಮೇರೀಸ್‌ಗೂ ಮಳೆಗಾಲದಲ್ಲಿ ಬೋಟ್ ಇಲ್ಲ. ಆದರೂ 2022ರ ಏಪ್ರಿಲ್‌ನಲ್ಲಿ, ಸಮುದ್ರ ಶಾಂತ ಎನ್ನುವ ಕಾಲದಲ್ಲೇ, ಕೇರಳದಿಂದ ಬಂದ ಎಂಜಿನಿಯರಿಂಗ್ ಕಾಲೇಜಿನ ಮೂವರು ವಿದ್ಯಾರ್ಥಿಗಳು ಆ ದ್ವೀಪದಲ್ಲಿ ನೀರುಪಾಲಾದರು. ಅಂದರೆ ಬೋಟಿನಲ್ಲಿ ಕ್ಷೇಮವಾಗಿ ಹೋದರೆ ಸಾಲದು, ಇಳಿದ ಮೇಲೂ ಕಣ್ಣಿಡಬೇಕು.

‘ಇವತ್ತು ಇಲ್ಲ’ ಎನ್ನುವವರಿರುವ ಜಾಗ ನಮಗೆ ಸಿಟ್ಟು ತರಿಸುತ್ತದೆ, ಆದರೆ ಉಳಿಸುವುದು ಅದೇ. ಅಪಾಯ ಇರುವುದು ಹಾಗೆ ಹೇಳುವವರೇ ಇಲ್ಲದ ಕಡೆ. ಹಿನ್ನೀರಿನ ವಿಷಯ ಎತ್ತಿದರೆ ನೀರು ನೀರಾವರಿ ನಿಗಮದ್ದು, ದಡ ಪಂಚಾಯ್ತಿಯದ್ದು, ಪ್ರವಾಸಿಗರು ಪ್ರವಾಸೋದ್ಯಮ ಇಲಾಖೆಯವರು, ಸತ್ತರೆ ಕೇಸು ಪೊಲೀಸರದ್ದು ಎಂಬಂತಾಗುತ್ತದೆ. 1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಯಂತ್ರದ ದೋಣಿಗೆ ನೋಂದಣಿ ಬೇಕು, ತಪಾಸಣೆ ಬೇಕು. ಯಂತ್ರವಿಲ್ಲದ ದೋಣಿ, ತೆಪ್ಪಗಳ ಲೆಕ್ಕವನ್ನು ಸ್ಥಳೀಯ ಮಟ್ಟದಲ್ಲಿ ಇಡಲೂ ಅದರಲ್ಲಿ ದಾರಿ ಇದೆ. ಕಾಯ್ದೆ ದಡಕ್ಕೆ ಬರಬೇಕಾದರೆ ಪ್ರತಿ ದೋಣಿಯ ಮೇಲೆ ‘ಇಷ್ಟೇ ಜನ’ ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಬೇಕು. ಅದನ್ನು ಕೇಳುವ ಹಕ್ಕು ಹಣ ಕೊಡುವ ನಮಗಿದೆ.

ಇನ್ನು ನಮ್ಮ ಪಾಲಿನ ಮಾತು. ನೀರಿನಲ್ಲಿ ಮುಳುಗಿ ತೀರಿದವರಿಗೆ ಶಹೀದರ ದರ್ಜೆ ಇದೆ ಎಂದು ಮದ್ರಸದಲ್ಲೇ ಕಲಿತಿದ್ದೇವೆ. ಅದು ಉಳಿದವರ ಕಣ್ಣೊರೆಸುವ ಮಾತು, ಬೋಟ್ ಮಾಲಕನಿಗೆ ರಿಯಾಯಿತಿ ಅಲ್ಲ, ನಮ್ಮ ಉಡಾಫೆಗೆ ನೆಪವೂ ಅಲ್ಲ. ‘ಅಲ್ಲಾಹ್ ಇದ್ದಾನೆ, ಹತ್ತಿ’ ಎನ್ನುವ ಮೊದಲು ಒಂಟೆ ಕಟ್ಟಿದ್ದೇವಾ ಎಂದು ಕೇಳಿಕೊಳ್ಳಬೇಕು. ಜೊತೆಗೆ ಕರೆದುಕೊಂಡು ಹೋದ ಪ್ರತಿ ಮಗು ನಮ್ಮ ಕೈಯಲ್ಲಿರುವ ಅಮಾನತ್.

ಹತ್ತುವ ಮೊದಲು ಮೂರು ಪ್ರಶ್ನೆ ಸಾಕು. ದೋಣಿಗೆ ಎಷ್ಟು ಜನ, ಈಗ ಎಷ್ಟಿದ್ದೇವೆ? ಎಲ್ಲರಿಗೂ ಜಾಕೆಟ್ ಇದೆಯಾ, ಮಕ್ಕಳಿಗೆ ಮಕ್ಕಳ ಅಳತೆಯದ್ದು? ಕತ್ತಲಾಗುವ ಮೊದಲು ವಾಪಸ್ ಬರುತ್ತೇವಾ? ಜಾಕೆಟ್ ಸೀಟಿನಡಿ ಇದ್ದರೆ ಪ್ರಯೋಜನವಿಲ್ಲ, ನೀರಿಗೆ ಬಿದ್ದ ಮೇಲೆ ಹಾಕಿಕೊಳ್ಳಲಾಗದು. ಹೆಂಗಸರು ಬುರ್ಖಾದ ಮೇಲೆಯೇ ಹಾಕಿ ಬೆಲ್ಟ್ ಬಿಗಿಯಬೇಕು, ಒದ್ದೆ ಬಟ್ಟೆಯ ಭಾರ ಸಣ್ಣದಲ್ಲ. ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಇಳಿದು ಬನ್ನಿ. ಟಿಕೆಟಿನ ದುಡ್ಡು ಹೋಗಲಿ. ಯಾರಾದರೂ ಬಿದ್ದರೆ 112, ಸಮುದ್ರದಲ್ಲಾದರೆ ಕೋಸ್ಟ್ ಗಾರ್ಡ್‌ನ 1554. ಮೇಲೆತ್ತಿದವರ ಹೊಟ್ಟೆ ಅದುಮುತ್ತಾ ಕೂರಬೇಡಿ. ಉಸಿರಿಲ್ಲದಿದ್ದರೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತಬೇಕು.

ಜಮಾಅತ್‌ಗಳಿಗೆ, ಯುವಕ ಸಂಘಗಳಿಗೆ ಒಂದು ಮನವಿ. ರಜೆ ಬರುವ ಮುಂಚಿನ ಜುಮಾದಲ್ಲಿ ಖತೀಬರು ಇದಕ್ಕೆ ಐದು ನಿಮಿಷ ಕೊಡಲಿ. ಮಕ್ಕಳಿಗೆ ಈಜು ಕಲಿಸಿ ಎಂದು ಉಸ್ತಾದರು ಹೇಳುವುದನ್ನು ಕೇಳಿದ್ದೇವೆ, ಕಲಿಸಿದ್ದು ಹೆಚ್ಚಾಗಿ ಗಂಡುಮಕ್ಕಳಿಗೆ. ಮಂಗಳೂರಿನ ಲೇಡಿಹಿಲ್‌ನಲ್ಲಿ ಪಾಲಿಕೆಯ ಮಂಗಳಾ ಈಜುಕೊಳ ಇದೆ. ಹೆಂಗಸರೇ ಕಲಿಸುವ, ಹೆಣ್ಣುಮಕ್ಕಳಷ್ಟೇ ಇರುವ ಒಂದು ಹೊತ್ತನ್ನು ಜಮಾಅತ್‌ಗಳು ಒಟ್ಟಾಗಿ ಕೇಳಿದರೆ ಪರ್ದಾದ ನೆಪವೂ ಉಳಿಯುವುದಿಲ್ಲ. ತಾನೂರಿನಲ್ಲಿ ಹೆಚ್ಚು ಹೋದದ್ದು ಯಾರೆಂದು ನೆನಪಿದ್ದರೆ ಸಾಕು.

ಮುಂದಿನ ಪೆರ್ನಾಲ್ ರಜೆಗೂ ನಮ್ಮವರು ಗುಂಬಝ್‌ಗೆ ಹೋಗುತ್ತಾರೆ, ಹಿನ್ನೀರಿನಲ್ಲಿ ತೆಪ್ಪ ಹತ್ತುತ್ತಾರೆ, ಮಲ್ಪೆಯಲ್ಲಿ ಸಾಲು ನಿಲ್ಲುತ್ತಾರೆ. ಆಗ ಗುಂಪಿನಲ್ಲಿ ಒಬ್ಬರಾದರೂ ತಲೆ ಎಣಿಸಲಿ. ‘ಹೆದರುಪುಕ್ಕಲ’ ಎಂದು ನಕ್ಕರೆ ನಗಲಿ. ನಗುವುದಕ್ಕಾದರೂ ಎಲ್ಲರೂ ಮನೆಗೆ ಬರಬೇಕಲ್ಲ.