ಅರಮನೆಯ ಪಿಯಾನೊ, ಕೋಟೆಯ ವೀಣೆ

ಮೈಸೂರು ಅರಮನೆಯ ಸಂಗೀತದ ಮಾತು ಬಂದರೆ ಸಾಮಾನ್ಯವಾಗಿ ಜಯಚಾಮರಾಜ ಒಡೆಯರ ಹೆಸರಿಗೇ ಮಾತು ನಿಂತುಬಿಡುತ್ತದೆ. ಅವರು ರಚಿಸಿದ ಕೃತಿಗಳು, ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಕೊಟ್ಟ ನೆರವು, ರಷ್ಯದ ಮೆಟ್ನರ್ ಸಂಗೀತದ ಧ್ವನಿಮುದ್ರಣಕ್ಕೆ ಒದಗಿಸಿದ ಹಣ, ಇವೆಲ್ಲ ಬರುತ್ತವೆ. ಅವರ ತಂಗಿ ವಿಜಯಾದೇವಿ ಅಮ್ಮಣ್ಣಿಯವರ ಹೆಸರು ಬರುವುದು ಅಪರೂಪ. 1922ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಈ ರಾಜಕುಮಾರಿ ಪಿಯಾನೊ ಮತ್ತು ವೀಣೆ ಎರಡನ್ನೂ ಕ್ರಮವಾಗಿ ಕಲಿತವರು. ವೀಣೆಯ ಗುರು ವೆಂಕಟಗಿರಿಯಪ್ಪನವರು ನಮ್ಮ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದವರು, ವೀಣೆ ಶೇಷಣ್ಣನವರ ಶಿಷ್ಯರು. ಪಕ್ಕದ ಪಿರಿಯಾಪಟ್ಟಣ ಸೀಮೆಯ ರಾವಂದೂರಿನಲ್ಲಿ ಕೂತು ಈ ವಿಷಯ ಬರೆಯಲು ನನಗೆ ಅಷ್ಟು ನೆಂಟಸ್ತಿಕೆ ಸಾಕು.

ಅರಮನೆಯಲ್ಲಿ ಹುಟ್ಟಿದ್ದು ಅವರೊಳಗಿನ ಸಂಗೀತಗಾರ್ತಿಗೆ ವರವಾಯಿತೋ ಅಡ್ಡಿಯಾಯಿತೋ?

ವರವೆನ್ನುವವರ ವಾದ ಗಟ್ಟಿಯಾಗಿಯೇ ಇದೆ. ವೀಣೆಗೆ ಎಡಗೈ ಬೆರಳ ತುದಿ ಕಾಯಿಗಟ್ಟಬೇಕು. ಮೇಣದ ಮೇಲೆ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗಲೇ ಗಮಕ ಹುಟ್ಟುವುದು. ಪಿಯಾನೊದಲ್ಲಿ ಆ ಎಳೆತಕ್ಕೆ ಜಾಗವೇ ಇಲ್ಲ. ಒತ್ತಿದ ಮನೆ ಒಂದೇ ಸ್ವರ ಹೇಳುತ್ತದೆ. ಬಲಗೈ ಒಂದು ಹಾಡುತ್ತಿದ್ದರೆ ಎಡಗೈ ಬೇರೊಂದನ್ನು ಹಾಡಬೇಕು. ಈ ಎರಡು ಶಿಸ್ತುಗಳನ್ನು ಒಂದೇ ಮೈಗೆ ಹತ್ತಿಸಿಕೊಳ್ಳಲು ವರ್ಷಗಟ್ಟಲೆ ಬಿಡುವು ಬೇಕು, ಗುರು ಮನೆಗೇ ಬರಬೇಕು, ವಾದ್ಯ ಪಕ್ಕದಲ್ಲೇ ಇರಬೇಕು. ಆ ಕಾಲದಲ್ಲಿ ಹುಣಸೂರಿನ ಯಾವ ಹುಡುಗಿಗೆ ಪಿಯಾನೊ ಸಿಕ್ಕೀತು? ಮದುವೆಯಾದ ಮೇಲೆಯೂ ವಿಜಯಾದೇವಿಯವರ ಕಲಿಕೆ ನಿಲ್ಲಲಿಲ್ಲ. ಸೌರಾಷ್ಟ್ರದ ಕೋಟ್ಡಾ ಸಾಂಗಾಣಿ ಸಂಸ್ಥಾನದ ಸೊಸೆಯಾಗಿ, ನ್ಯೂಯಾರ್ಕಿನಲ್ಲಿದ್ದಾಗ ಎಡ್ವರ್ಡ್ ಸ್ಟಾಯರ್‌ಮನ್ ಅವರ ಬಳಿ ಪಾಠ ಹೇಳಿಸಿಕೊಂಡರು. ಸ್ಟಾಯರ್‌ಮನ್ ಎಂದರೆ ಪಾಶ್ಚಾತ್ಯ ಸಂಗೀತ ರಚನಕಾರ ಷೋನ್‌ಬರ್ಗ್ ಬಳಗದ ಪಿಯಾನೊ ವಾದಕ. ಶೇಷಣ್ಣನವರ ಪರಂಪರೆಯೂ ಷೋನ್‌ಬರ್ಗನ ಪರಂಪರೆಯೂ ಒಬ್ಬಳೇ ಶಿಷ್ಯೆಗೆ ದಕ್ಕಿದ್ದು ಹುಟ್ಟಿನ ಬಲದಿಂದಲೇ.

ಎದುರು ವಾದವೂ ಹಗುರವಾದುದಲ್ಲ. ಮೈಸೂರಿನ ದರ್ಬಾರು ನಡೆಯುವಾಗ ರಾಜಮನೆತನದ ಹೆಂಗಸರು ಮೇಲಿನ ಜಾಲರಿಯ ಹಿಂದೆ ಕೂತು ನೋಡಬೇಕಿತ್ತು. ಅಂಥ ಮನೆಯ ಹೆಣ್ಣುಮಗಳು ಟಿಕೆಟ್ ಕೊಂಡು ಬಂದವರ ಮುಂದೆ ಕೂತು ನುಡಿಸುವುದನ್ನೇ ಬದುಕು ಮಾಡಿಕೊಳ್ಳುವುದು ಸುಲಭದ ಮಾತಲ್ಲ. ಇದು ನಮ್ಮಲ್ಲಿಗಷ್ಟೇ ಸೀಮಿತವೂ ಅಲ್ಲ. ಯುರೋಪಿನ ಕುಲೀನ ಮನೆತನಗಳಲ್ಲೂ ಹೆಣ್ಣುಮಕ್ಕಳು ದಿವಾನಖಾನೆಯಲ್ಲಿ ನೆಂಟರೆದುರು ನುಡಿಸಿದರೆ ಮೆಚ್ಚುಗೆ, ಸಂಭಾವನೆಗೆ ನುಡಿಸಿದರೆ ಮೂಗುಮುರಿತ. ಗಂಡಿಗೂ ಈ ಕಟ್ಟು ತಪ್ಪಿದ್ದಲ್ಲ ಅನ್ನಿ. ಪಿಯಾನೊ ವಾದಕನಾಗುವ ಆಸೆಯಿದ್ದ ಜಯಚಾಮರಾಜರು 1940ರಲ್ಲಿ ಸಿಂಹಾಸನ ಏರಬೇಕಾಯಿತು. ಆದರೆ ಅವರಿಗೆ ವಾಗ್ಗೇಯಕಾರರೆಂಬ ಹೆಸರಾದರೂ ಉಳಿಯಿತು.

ಇದೇ ಮೈಸೂರು ಸೀಮೆಯ ಗಾಯಕಿ ಬೆಂಗಳೂರು ನಾಗರತ್ನಮ್ಮನವರನ್ನು ಪಕ್ಕದಲ್ಲಿಟ್ಟು ನೋಡಿ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಅವರಿಗೆ ವೇದಿಕೆ ಸಿಕ್ಕಿತು, ಹೆಸರು ಬಂತು, ಹಣವೂ ಬಂತು. ದುಡಿದದ್ದನ್ನು ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಸುರಿದರು. ಆದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡಲು ಅವರೇ ಹೋರಾಡಬೇಕಾಯಿತು. ಒಬ್ಬರಿಗೆ ಮರ್ಯಾದೆ ಇತ್ತು, ವೇದಿಕೆ ದೂರ. ಇನ್ನೊಬ್ಬರಿಗೆ ವೇದಿಕೆ ಇತ್ತು, ಮರ್ಯಾದೆಗೆ ಜಗಳವಾಡಬೇಕು. ಇವರಲ್ಲಿ ಯಾರ ಪಾಡು ಕಷ್ಟ ಎಂದರೆ ನಾನು ನಾಗರತ್ನಮ್ಮನವರ ಕಡೆಗೇ ಬೆರಳು ತೋರಿಸುತ್ತೇನೆ. ಊಟದ ಚಿಂತೆಯಿಲ್ಲದವರ ಸಂಕಟವನ್ನು ಅದರೊಂದಿಗೆ ಸರಿದೂಗಿಸಬಾರದು.

ಇನ್ನೊಂದು ಆಕ್ಷೇಪವನ್ನೂ ಹೇಳಿಬಿಡಬೇಕು. ಪಿರಿಯಾಪಟ್ಟಣದ ರೈತ ಕಟ್ಟಿದ ಕಂದಾಯದಿಂದ ನಡೆದ ಅರಮನೆಗೆ ಪಿಯಾನೊದ ಶೋಕಿ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ವೆಂಕಟಗಿರಿಯಪ್ಪನವರಂಥ ವಿದ್ವಾಂಸರ ಮನೆಯ ಒಲೆ ಉರಿದದ್ದೂ ಅದೇ ಖಜಾನೆಯಿಂದ. ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಆಕಾಶವಾಣಿಯಲ್ಲಿ ಕೇಳಿ ಬೆಳೆದ ನಾವು ಆ ಖರ್ಚನ್ನು ಪೂರಾ ದಂಡ ಎನ್ನಲಾರೆವು.

ವಿಜಯಾದೇವಿಯವರು 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿ ಬೇರೆಯವರಿಗೆ ವೇದಿಕೆ ಹಾಕಿಕೊಟ್ಟರು. ಜನ ಅವರನ್ನು ನೆನೆಯುವುದು ಹೆಚ್ಚಾಗಿ ಈ ಕೆಲಸಕ್ಕೆ. ಊರಿಗೆ ಇದರಿಂದ ಲಾಭವಾಯಿತು, ನಿಜ. ಆದರೆ ಅಷ್ಟು ಕಲಿತ ಕೈಗಳ ಹೆಸರು ವಾದಕಿಯಾಗಿ ಉಳಿಯದೆ ಪೋಷಕಿಯಾಗಿ ಉಳಿದದ್ದು ನನ್ನ ಲೆಕ್ಕದಲ್ಲಿ ನಷ್ಟವೇ. ಎರಡನ್ನೂ ತೂಗಿದರೆ, ಹುಟ್ಟು ಅವರಿಗೆ ವಿದ್ಯೆಯನ್ನು ಧಾರಾಳವಾಗಿ ಕೊಟ್ಟಿತು, ವೇದಿಕೆಯನ್ನು ಅಳೆದು ಕೊಟ್ಟಿತು.

ಅರಮನೆಯನ್ನು ದೂರುವ ಮೊದಲು ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ಮಗಳು ಜೂನಿಯರ್, ಸೀನಿಯರ್ ಪಾಸು ಮಾಡಿದರೆ ಸಂತೋಷ, ಗಂಡಿನ ಕಡೆಯವರು ಬಂದಾಗ ಒಂದು ದೇವರನಾಮ ಹಾಡಿದರೆ ಇನ್ನೂ ಸಂತೋಷ. ಮದುವೆಯಾದ ಮೇಲೆ ತಂಬೂರಿ ಅಟ್ಟಕ್ಕೆ. ಕಾವೇರಿ ದಂಡೆಯ ರುದ್ರಪಟ್ಟಣದಂಥ ಸಂಗೀತದ ಊರನ್ನು ಹತ್ತಿರದಲ್ಲೇ ಇಟ್ಟುಕೊಂಡ ಸೀಮೆ ನಮ್ಮದು. ಈ ಸಲದ ರಾಮೋತ್ಸವಕ್ಕೋ ಗಣಪತಿ ಪೆಂಡಾಲಿಗೋ ಹೊರಗಿನ ಆರ್ಕೆಸ್ಟ್ರಾ ಗೊತ್ತುಮಾಡುವ ಮುನ್ನ, ಸಂಗೀತ ಕಲಿತು ಸುಮ್ಮನಾಗಿರುವ ಊರಿನ ಸೊಸೆಯಂದಿರನ್ನು ಒಂದು ಮಾತು ಕೇಳಿ. ಹಾಡಲು ಒಪ್ಪಿದರೆ ಆರ್ಕೆಸ್ಟ್ರಾಕ್ಕೆ ಕೊಡುವಂತೆ ಅವರಿಗೂ ಸಂಭಾವನೆ ಕೊಡಿ.